ಇಪ್ಪತ್ತನಾಲ್ಕು ಸೆಕೆಂಡಿನ ಸ್ಲರಿ

ಫೆಬ್ರವರಿ 2, 2009, ಸೋಮವಾರ

ಈ ಡೈರಿ, ಕೆಮಿಕಲ್ ಕಂಪನಿಯವರು ಹೊಸ ವರ್ಷಕ್ಕೆ ಪುಕ್ಕಟೆ ಕೊಟ್ಟದ್ದು. ತಿಂಗಳಿಡೀ ಡ್ರಾಯರಿನಲ್ಲಿ ಮಲಗಿತ್ತು. ನನ್ನ ಬದುಕಿನಲ್ಲಿ ಬರೆಯುವಂಥದ್ದು ಏನಾದರೂ ನಡೆಯಲಿ ಎಂದು ಕಾಯುತ್ತಿತ್ತೋ ಏನೋ. ಇವತ್ತು ನಡೆಯಿತು. ಹರಿಣಾಕ್ಷಿಗೆ, ಅಂದರೆ ನನಗೆ, ನಲವತ್ತೈದನೆಯ ವಯಸ್ಸಿನಲ್ಲಿ, ಏಸಿ ಕ್ಯಾಬಿನ್!

ಕಾರ್ಖಾನೆಯ ಧಣಿ ಸೇಠಜಿ ಬೆಳಿಗ್ಗೆ ಕರೆದು ಕೂರಿಸಿದರು. (ಕೂರಿಸಿದ್ದೇ ಒಂದು ಸುದ್ದಿ.) ಪುಣೆಯಲ್ಲಿ ಭಟ್ಟಿ ತಯಾರಿಸುವ ಕಂಪನಿಯೊಂದು ನಲವತ್ತು ಅಲ್ಯುಮಿನಾ (ಬೆಂಕಿ ತಾಳುವ ಪಿಂಗಾಣಿ) ಕೊಳವೆ ಕೇಳಿದೆ. ಮೊಳದುದ್ದ, ಒಂದು ತುದಿ ಮುಚ್ಚಿರಬೇಕು, ಗೋಡೆ ಮೂರೇ ಮಿಲಿಮೀಟರು, ಕೂದಲೆಳೆಯ ಬಿರುಕೂ ಇರಕೂಡದು. ಮಾರ್ಚ್ 26ಕ್ಕೆ ಅವರ ಇನ್‌ಸ್ಪೆಕ್ಟರ್ ಬರುತ್ತಾನೆ. ಪಾಸಾದರೆ ವರ್ಷವಿಡೀ ಆರ್ಡರು. ಫೇಲಾದರೆ ರಬಾಳೆಯ ನಮ್ಮ ಕಾಸ್ಟಿಂಗ್ ಸೆಕ್ಷನ್ ಬಂದ್, ಅಲ್ಲಿಯ ಏಳು ಹೆಂಗಸರು ಮನೆಗೆ. ಆಮೇಲೆ ಸೇಠಜಿ ಚೀನಾದಿಂದ ಮಾಲು ತರಿಸಿ ವಾಶಿಯ ಆಫೀಸಿನಲ್ಲಿ ಮಾರುತ್ತಾರಂತೆ. ಆ ಆಫೀಸಿಗೆ ನಾನು ಮ್ಯಾನೇಜರು.

"ಆಪ್ ಕಾ ತೋ ದೋನೋಂ ತರಫ್ ಫಾಯ್ದಾ ಹೈ, ಹರಿಣಾಕ್ಷಿಬೆನ್," ಅಂದರು.

ಅಂದರೆ ನಾನು ಸೋತರೂ ಗೆದ್ದೆ. ಹತ್ತರವರೆಗೆ ಕಾರ್ಕಳದಲ್ಲಿ ಕನ್ನಡ ಮಾಧ್ಯಮ, ಬಿ.ಎಸ್ಸಿ.ಯನ್ನು ಕನ್ನಡದಲ್ಲಿ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಬರೆದು ಪಾಸಾದವಳು ನಾನು. ಫೇಲಾದರೆ ಬಡ್ತಿ ಕೊಡುವ ಪರೀಕ್ಷೆಯನ್ನು ಈವರೆಗೆ ಕಂಡಿರಲಿಲ್ಲ.

*ವಾಶಿಗೆ ಹೋಗುವೆ, ಏಸಿಗೆ ನಡುಗುವೆ,*
*ಶಾಲು ಹೊದ್ದು ಸೇಠಜಿಯ ಗುಣವ ಹಾಡುವೆ.*

ಕರ್ತವ್ಯವನ್ನೇನೋ ಮಾಡುತ್ತೇನೆ. ಸೋಲು ತಾನಾಗಿ ಬರುತ್ತದೆ, ಅದಕ್ಕೆ ಯಾರ ಸಹಾಯವೂ ಬೇಡ.

ಊಟ ಎಂದಿನಂತೆ ಲ್ಯಾಬಿನಲ್ಲಿ, ಒಬ್ಬಳೇ, ಬಾಗಿಲು ಹಾಕಿಕೊಂಡು. 'ಒಳಗೆ ಬರಬಾರದು' ಎಂದು ಬಾಗಿಲ ಮೇಲೆ ಮೂರು ಭಾಷೆಯಲ್ಲಿ ಬರೆದವಳು ನಾನೇ. ಠಾಣೆಯಿಂದ ಡೊಂಬಿವಲಿಗೆ ಫಾಸ್ಟ್ ಟ್ರೇನು. ಸ್ಲೋ ಹಿಡಿದರೆ ಮುಂಬ್ರಾದ ಪಾರವ್ವ ಪಕ್ಕಕ್ಕೆ ಬಂದು ಕೂತು ಮಾತಾಡಿಸುತ್ತಾಳೆ. ಅವಳು ಆ ಏಳು ಹೆಂಗಸರಲ್ಲಿ ಹಿರಿಯಳು, ವಿಜಾಪುರ ಕಡೆಯವಳು, ಮಾತು ಶುರುವಾದರೆ ಮುಂದಿನ ಸ್ಟೇಷನ್ ದಿವಾದವರೆಗೂ ಮುಗಿಯದು. ಅವಳೇ ಮುಂಬ್ರಾದಲ್ಲಿ ಇಳಿದುಹೋದರೂ ಮುಗಿಯದು.

ಫೆಬ್ರವರಿ 5, ಗುರುವಾರ

ಈವರೆಗೆ ನಾವು ಮಾಡುತ್ತಿದ್ದದ್ದು ದಪ್ಪ ಬಟ್ಟಲುಗಳು. ಅವಕ್ಕೆ ಹಳೆಯ ಸ್ಲರಿ ನಡೆಯುತ್ತಿತ್ತು. ಕೊಳವೆಗೆ ನಡೆಯದು. ಅಲ್ಯುಮಿನಾ ಪುಡಿ, ನೀರು, ಮದ್ದುಗಳು, ಇಷ್ಟನ್ನೂ ಸಂಜೆ ಐದೂವರೆಗೆ ಶಂಭು ಮಿಲ್ಲಿಗೆ ಸುರಿಯುತ್ತಾನೆ. ಮಿಲ್ಲು ರಾತ್ರಿಯಿಡೀ ಉರುಳಿ, ಬೆಳಿಗ್ಗೆ ಹಾಲಿನಂಥ ಸ್ಲರಿ ಕೊಡುತ್ತದೆ. ಅದನ್ನು ಪ್ಲಾಸ್ಟರಿನ ಅಚ್ಚಿಗೆ ಹುಯ್ದರೆ ಪ್ಲಾಸ್ಟರು ನೀರು ಕುಡಿಯುತ್ತದೆ, ಗೋಡೆಗೆ ಪದರ ಕಟ್ಟುತ್ತದೆ. ಹನ್ನೆರಡು ನಿಮಿಷಕ್ಕೆ ಮಿಕ್ಕದ್ದನ್ನು ಬಗ್ಗಿಸಿ ಹೊರಚೆಲ್ಲಿದರೆ ಒಳಗೆ ಉಳಿದದ್ದೇ ಕೊಳವೆ. ಓದಲು ಸುಲಭ.

ಇವತ್ತು ಹೊಸ ಡಿಸ್ಪರ್ಸೆಂಟಿನ ಸ್ಯಾಂಪಲ್ ಬಂತು. ಜೇನಿನ ಬಣ್ಣ, ಜೇನಿನ ಧಾರೆ. ಪಾರವ್ವ ಬಾಗಿಲಿನಿಂದಲೇ ಇಣುಕಿದಳು.

"ಮ್ಯಾಡಮ್ಮಾರ, ಹಿಟ್ಟಿಗೆ ಜೇನ ಹಾಕ್ತೀರೇನ್ರಿ? ಹೋಳಿಗಿ ಮಾಡ್ತೀರೇನು?"

"ಅದು ಜೇನಲ್ಲ. ಪುಡಿಯ ಕಣಗಳು ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುವ ಮದ್ದು."

"ಅಂಟಿದ್ರ ಏನಾಗ್ತದ್ರಿ?"

ಏನೆನ್ನಲಿ? "ಎಂಟು ಗಂಟೆಯ ಲೋಕಲಿನ ಲೇಡಿಸ್ ಡಬ್ಬಿ ನೆನಪು ಮಾಡಿಕೊ. ಪ್ರತಿಯೊಬ್ಬಳೂ ಮೊಣಕೈ ಚಾಚಿ ನಿಂತರೆ ನಡುವೆ ಜಾಗ ಇರುತ್ತದೆ, ಎಲ್ಲರೂ ಸರಿದಾಡಬಹುದು. ಈ ಮದ್ದು ಒಂದೊಂದು ಕಣಕ್ಕೂ ಮೊಣಕೈ ಅಂಟಿಸುತ್ತದೆ."

"ಹಂಗಾರ ನೀವು ದಿನಾ ಇದನ್ನ ಕುಡದ ಬರ್ತೀರಿ ಬಿಡ್ರಿ," ಎಂದು ಹೋದಳು.

ಬೀಕರಿನಲ್ಲೇ ಕಲಸಿದ ಮೊದಲ ಪಾಕಕ್ಕೆ ತಳದಲ್ಲಿ ತೂತಿರುವ ಕಪ್ಪು ಹಿಡಿದು ಗಡಿಯಾರ ನೋಡಿದೆ. ಕಪ್ಪು ಖಾಲಿಯಾಗಲು ಇಪ್ಪತ್ತನಾಲ್ಕು ಸೆಕೆಂಡು ಹಿಡಿಯಬೇಕು. ಹಿಡಿದದ್ದು ಮೂವತ್ತೊಂದು. ಕೆಟ್ಟದ್ದಲ್ಲ. ಅಯ್ಯೋ, ಕೆಟ್ಟದ್ದಲ್ಲ!

ಫೆಬ್ರವರಿ 9, ಸೋಮವಾರ

ಮೂರು ದಿನ ಬರೆಯಲಾಗಲಿಲ್ಲ. ಮದ್ದು ಹನಿಹನಿಯಾಗಿ ಏರಿಸುತ್ತ ಹೋದೆ: ಮೂವತ್ತೊಂದು, ಇಪ್ಪತ್ತೇಳು, ಇಪ್ಪತ್ತನಾಲ್ಕು! ಇನ್ನೂ ಹಾಕಿದರೆ ಇನ್ನೂ ತೆಳು ಎಂದುಕೊಂಡೆ. ನಲವತ್ತಕ್ಕೆ ಹಾರಿತು. ಕಣದ ಮೈ ತುಂಬಿದ ಮೇಲೆ ಮಿಕ್ಕ ಮದ್ದು ನೀರಿನಲ್ಲಿ ಪುಂಡರಂತೆ ಅಲೆದು ತಾನೇ ಜಗಳ ತೆಗೆಯುತ್ತದೆ.

*ಹನಿ ಮೂರಾದರೆ ಹರಿಯುವ ತೊರೆ,*
*ಹನಿ ಮೂವತ್ತಾದರೆ ಎತ್ತಲಾಗದ ಹೊರೆ.*

ಕೊಳವೆ ಅಚ್ಚಿನಿಂದ ಎತ್ತುವಾಗ ಮುರಿಯುತ್ತಿತ್ತು. ಗೋಂದು, ಅಂದರೆ ಬೈಂಡರ್, ಸ್ವಲ್ಪ ಏರಿಸಿದೆ. ಮುರಿಯುವುದು ನಿಂತಿತು, ನೊರೆ ಬಂತು. ನೊರೆಗೆ ಇನ್ನೊಂದು ಮದ್ದು, ಎರಡೇ ತೊಟ್ಟು, ಅದರ ವಾಸನೆಗೆ ಶಂಭು ಮೂಗಿಗೆ ಕರವಸ್ತ್ರ ಕಟ್ಟಿ ದರೋಡೆಕೋರನಂತೆ ಓಡಾಡಿದ. ಒಂದನ್ನು ಸರಿಮಾಡಿದರೆ ಇನ್ನೊಂದು ಮುನಿಯುತ್ತದೆ. ಏಳು ಸೊಸೆಯರ ಮನೆಯಂತೆ. ನಾನು ಮದುವೆಯಾಗದೆ ಉಳಿದದ್ದು ಇದನ್ನೇ ತಪ್ಪಿಸಿಕೊಳ್ಳಲು. ಇಲ್ಲಿ ನೋಡಿದರೆ ನಾನೇ ಅತ್ತೆ.

ಗಡಿಯಾರದ ಪ್ರಕಾರ ಹನ್ನೆರಡು ನಿಮಿಷಕ್ಕೆ ಬಗ್ಗಿಸಬೇಕು. ಪಾರವ್ವ ಹನ್ನೊಂದಕ್ಕೇ ಬಗ್ಗಿಸಿದಳು. ಬೈದೆ. ಅಳೆದರೆ ಅವಳದ್ದೇ ಸರಿ, ಮೂರು ಮಿಲಿಮೀಟರು.

"ಅಂಚಿನ ಮಿಂಚ ನೋಡ್ಬೇಕ್ರಿ. ಮಿಂಚ ಹೋತಂದ್ರ ಕುಡದದ್ದ ಸಾಕು ಅಂತ ಅಚ್ಚು ಹೇಳ್ತೈತಿ."

ಪುಸ್ತಕದಲ್ಲಿ ಬರೆದುಕೊಂಡೆ: 'ಅಂಚಿನ ಹೊಳಪು, ಹನ್ನೊಂದು ನಿಮಿಷ.' ಯಾರು ಹೇಳಿದ್ದು ಎಂಬ ಕಾಲಮ್ಮು ಆ ಪುಸ್ತಕದಲ್ಲಿಲ್ಲ. ನಾನೇ ಒಂದು ಗೆರೆ ಎಳೆದು 'ಪಾ' ಎಂದು ಹಾಕಿದೆ.

ವಾಶಿಯಲ್ಲಿ ಏಸಿ ಯಾವ ಕಂಪನಿಯದೋ ಕೇಳಲು ಮರೆತೆ.

ಫೆಬ್ರವರಿ 12, ಗುರುವಾರ

ಏಳು ಕೊಳವೆ! ಏಳಕ್ಕೆ ಏಳೂ ನೆಟ್ಟಗೆ, ನುಣ್ಣಗೆ, ಬಿಳಿ ಬಾಳೆದಿಂಡಿನಂತೆ! ಸೇಠಜಿ ಕೆಳಗಿಳಿದು ಬಂದು ಎಲ್ಲರೆದುರು, "ಕಮಾಲ್ ಕರ್ ದಿಯಾ, ಹರಿಣಾಕ್ಷಿಬೆನ್! ಐಸಾ ಮಾಲ್ ಜರ್ಮನಿ ಮೇ ಭೀ ನಹೀ!" ಅಂದರು. ಸೇಠಜಿ ಜರ್ಮನಿ ನೋಡಿಲ್ಲ. ಆದರೂ ನಾನು ಉಬ್ಬಿದೆ, ಅದಕ್ಕೆ ನೊರೆಯ ಮದ್ದು ಕೂಡ ಕೆಲಸ ಮಾಡಲಿಲ್ಲ. ಪಾರವ್ವ ದೂರದಿಂದಲೇ ನನ್ನ ಕಡೆ ಕೈ ಸವರಿ ತನ್ನ ಕಣತಲೆಗೆ ನೆಟಿಕೆ ಮುರಿದಳು.

ಐದಕ್ಕೆ ಬಿಳಿ ಕೋಟು ಮಿಲ್ಲಿನ ಬಳಿಯ ಗೂಟಕ್ಕೆ ತೂಗುಹಾಕಿ ಹೊರಟೆ. ಕೆಳಗೆ ನೀಲಿ ಕ್ಯಾನಿನಲ್ಲಿ ಶುದ್ಧ ನೀರು, ಐವತ್ತು ಲೀಟರು, ಬೆಳಿಗ್ಗೆ ನಾನೇ ಯಂತ್ರದಿಂದ ಹಿಡಿದು ಪರೀಕ್ಷಿಸಿ ತುಂಬಿಟ್ಟದ್ದು. ನೀರಿನ ವಿಷಯದಲ್ಲಿ ನಾನು ಯಾರನ್ನೂ ನಂಬುವುದಿಲ್ಲ.

ಫೆಬ್ರವರಿ 13, ಶುಕ್ರವಾರ

ಐವತ್ತೆಂಟು ಸೆಕೆಂಡು! ಅದೇ ಪುಡಿ, ಅದೇ ಮದ್ದು, ಅದೇ ಶಂಭು. ಕೊಳವೆ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಒಣಗುವಷ್ಟರಲ್ಲಿ ಸೀಳಿತು. ಕ್ಯಾಂಟೀನಿನ ಧರ್ಮಪಾಲರ ಇಡ್ಲಿ ಸಾಂಬಾರಿಗೂ ಇವತ್ತು ಉಪ್ಪಿರಲಿಲ್ಲ.

*ಕ್ಯಾಂಟೀನಿನಲ್ಲಿ ಸಾರು ಸಪ್ಪೆ,*
*ಕಪ್ಪಿನೊಳಗೆ ಸ್ಲರಿ ತೊಪ್ಪೆ.*

ಪ್ರಾಸವಾದರೂ ಕೂಡಿಬಂತು.

ಫೆಬ್ರವರಿ 18, ಬುಧವಾರ

ನಡುವೆ ನಾಲ್ಕು ದಿನ ಇಪ್ಪತ್ತನಾಲ್ಕಕ್ಕೇ ನಿಂತಿದೆ. ಏನೂ ಬದಲಿಸದೆ ಸರಿಹೋಗಿದೆ, ಅದಕ್ಕೇ ಹೆದರಿಕೆ. ಪುಣೆಯವರು ಫೋನಿನಲ್ಲಿ ಹೊಗಳಿದರು. ಸೇಠಜಿ ಅದನ್ನು ಸ್ಪೀಕರಿಗೆ ಹಾಕಿ ಇಡೀ ಸೆಕ್ಷನ್ನಿಗೆ ಕೇಳಿಸಿದರು.

ಸಂಜೆ ಸ್ಲೋ ಟ್ರೇನಿನಲ್ಲಿ ಬಂದೆ. ಫಾಸ್ಟಿನಲ್ಲಿ ಗದ್ದಲ.

ಫೆಬ್ರವರಿ 19, ಗುರುವಾರ

ಎಪ್ಪತ್ತೊಂದು. ಹೊಗಳಿದ ಮರುದಿನವೇ ಹೀಗೆ. ಹವೆ ನೋಡಿದೆ, ಅಚ್ಚು ಬದಲಿಸಿದೆ, ಪುಡಿಯ ಹೊಸ ಚೀಲ ಒಡೆದೆ, ಶಂಭುವನ್ನು ಬೈದೆ. ("ಮೀ ಕಾಯ್ ಕೇಲಂ, ಮ್ಯಾಡಮ್?" ನಾನೇನು ಮಾಡಿದೆ ಅಂತ, ಪಾಪ.) ನೀರು ಮಾತ್ರ ನೋಡಲಿಲ್ಲ, ಅದನ್ನು ತುಂಬಿದವಳು ನಾನು.

ಕೋಟಿನ ಕಾಲರಿನಲ್ಲಿ ಬಿಳಿಯ ಹರಳೊಂದು ಸಿಕ್ಕಿತು. ಅಲ್ಯುಮಿನಾ ಗಟ್ಟಿಯಾದದ್ದಿರಬೇಕು. ಕೊಡವಿದೆ. ಇಡ್ಲಿ ಸಾಂಬಾರು ಮತ್ತೆ ಸಪ್ಪೆ. ಧರ್ಮಪಾಲರಿಗೂ ವಯಸ್ಸಾಯಿತು.

ಫೆಬ್ರವರಿ 24, ಮಂಗಳವಾರ

ಪಾರವ್ವ ಶಿವರಾತ್ರಿಗೆ ಮೂರು ದಿನ ರಜೆ ಹಾಕಿದ್ದಳು. ಮೂರು ದಿನವೂ ಸ್ಲರಿ ಬಂಗಾರ. ಆದರೆ ಅಚ್ಚಿನ ಅಂಚು ನೋಡುವವರಿಲ್ಲದೆ ಐದು ಕೊಳವೆ ದಪ್ಪಗಾದವು. ಅವಳು ಬಂದ ಕೂಡಲೇ ಇದನ್ನು ಹೇಳಿದೆ. "ನಾ ಇಲ್ದ ನಿಮಗ ನಡಿಯಂಗಿಲ್ಲ ಬಿಡ್ರಿ," ಎಂದು ಖಾರದ ಚಟ್ನಿಪುಡಿಯ ಪೊಟ್ಟಣ ಕೊಟ್ಟಳು. ಅದನ್ನು ತಿನ್ನಲು ರೊಟ್ಟಿ ಬೇಕು, ರೊಟ್ಟಿ ಅವಳ ಡಬ್ಬಿಯಲ್ಲಿ. ಹಾಗಾಗಿ ಕಾಸ್ಟಿಂಗ್ ಸೆಕ್ಷನ್ನಿನಲ್ಲೇ ಕೂತು ಊಟ ಮಾಡಬೇಕಾಯಿತು. ಬೇರೆ ದಾರಿ ಇರಲಿಲ್ಲ.

ಮಾರ್ಚ್ 3, ಮಂಗಳವಾರ

ನಿನ್ನೆ ಮಧ್ಯಾಹ್ನ ಸೇಠಜಿ ಸೆಕ್ಷನ್ನಿಗೆ ಬಂದು ವಿಷಯ ಬಾಯಿಬಿಟ್ಟು ಹೇಳಿದರು: ಮಾರ್ಚ್ 26, ಪಾಸ್ ಅಥವಾ ಬಂದ್. ಏಳು ಹೆಂಗಸರೂ ನಿಂತ ಕಡೆಯೇ ನಿಂತರು. ಪೂನಂ ಎಂಬವಳ ಕೈಯಲ್ಲಿದ್ದ ಅಚ್ಚು ತುಂಬಿ ಹೊರಚೆಲ್ಲಿತು, ಯಾರೂ ನೋಡಲಿಲ್ಲ. ಆಮೇಲೆ ಸೇಠಜಿ ಅವರೆದುರೇ ನನಗೊಂದು ಡಬ್ಬಿ ಕೊಟ್ಟರು. ವಿಸಿಟಿಂಗ್ ಕಾರ್ಡು, ಐನೂರು. 'ಹರಿಣಾಕ್ಷಿ ಕೆ., ಮ್ಯಾನೇಜರ್, ವಾಶಿ.' ದಪ್ಪ ಕಾಗದ, ಉಬ್ಬಿದ ಅಕ್ಷರ. ಎಲ್ಲರೂ ನನ್ನನ್ನೇ ನೋಡಿದರು. ನಾನು ಡಬ್ಬಿಯ ಮುಚ್ಚಳ ನೋಡಿದೆ.

ಇವತ್ತು ಬೆಳಿಗ್ಗೆ ಕಪ್ಪು ಹಿಡಿದೆ. ಒಂದು ತೊಟ್ಟೂ ಬೀಳಲಿಲ್ಲ. ಗಡಿಯಾರ ಐದು ನಿಮಿಷ ದಾಟಿತು. ಕಪ್ಪು ತಲೆಕೆಳಗಾಗಿ ಹಿಡಿದರೂ ಸ್ಲರಿ ಹಟ ಹಿಡಿದ ಮಗುವಿನಂತೆ ಒಳಗೇ ಕೂತಿತ್ತು.

ಮಾರ್ಚ್ 4, ಬುಧವಾರ

ಅದೇ. ಪ್ರಾಸ ಹೊಳೆಯುತ್ತಿಲ್ಲ.

ಮಾರ್ಚ್ 6, ಶುಕ್ರವಾರ

ಉತ್ತರ ಸಿಕ್ಕಿತು!

ಬೆಳಿಗ್ಗೆ ಧರ್ಮಪಾಲರು ಲ್ಯಾಬಿಗೇ ನುಗ್ಗಿದರು, ಮೂರು ಭಾಷೆಯ ಬೋರ್ಡನ್ನೂ ದಾಟಿ.

"ಹರಿಣಾಕ್ಷಕ್ಕಾ, ಇದೆಂತದು ಮಾರಾಯ್ರೆ! ಮೊನ್ನೆ ಎರಡು ಕಿಲೋ ಹರಳುಪ್ಪು ತಂದು ಬರಣಿಗೆ ಹಾಕಿದ್ದು. ಇವತ್ತು ನೋಡಿದ್ರೆ ತಳ ಕಾಣ್ತದೆ. ಉಪ್ಪು ಕದಿಯುವ ಕಳ್ಳ ಎಲ್ಲಾದರೂ ಉಂಟಾ? ಸಾಂಬಾರು ಸಪ್ಪೆ ಅಂತ ಬೈಗುಳ ತಿನ್ನುವುದು ನಾನು!"

"ಇಲಿ ಇರಬಹುದು," ಅಂದೆ.

"ಎರಡು ಕಿಲೋ ಉಪ್ಪು ತಿಂದ ಇಲಿಗೆ ಬಿಪಿ ಬಂದು ಸಾಯ್ಬೇಕಿತ್ತಲ್ಲ! ಹೆಣ ಎಲ್ಲುಂಟು?"

ಅವರು ಹೋದ ಮೇಲೆ ಈ ಮಾತನ್ನು ಬರೆದಿಡೋಣವೆಂದು ಡೈರಿ ತೆಗೆದೆ. ಗಾಳಿಗೆ ಪುಟ ಮಗುಚಿ ಫೆಬ್ರವರಿ ಹದಿಮೂರು ಬಂತು. *ಸಾರು ಸಪ್ಪೆ, ಸ್ಲರಿ ತೊಪ್ಪೆ.* ಹತ್ತೊಂಬತ್ತು ತೆರೆದೆ. ಸಾಂಬಾರು ಸಪ್ಪೆ, ಎಪ್ಪತ್ತೊಂದು. ಕಾಲರಿನಲ್ಲಿ ಬಿಳಿ ಹರಳು. ಪಾರವ್ವ ರಜೆ, ಸ್ಲರಿ ಬಂಗಾರ. ಎಲ್ಲವೂ ನನ್ನದೇ ಕೈಬರಹದಲ್ಲಿತ್ತು! ಉತ್ತರವನ್ನು ಮೂರು ವಾರದ ಹಿಂದೆಯೇ ಪ್ರಾಸ ಹಾಕಿ ಬರೆದಿಟ್ಟು ಪ್ರಶ್ನೆ ಹುಡುಕುತ್ತ ಅಲೆದಿದ್ದೇನೆ.

ನೀಲಿ ಕ್ಯಾನಿನ ತಳದಲ್ಲಿ ನಿನ್ನೆಯ ನೀರು ಸ್ವಲ್ಪ ಉಳಿದಿತ್ತು. ಪ್ರನಾಳಕ್ಕೆ ಹಾಕಿ ಸಿಲ್ವರ್ ನೈಟ್ರೇಟ್ ಎರಡು ಹನಿ ಬಿಟ್ಟೆ. ಮೊಸರು! ಬಿಳೀ ಮೊಸರು, ಬಿ.ಎಸ್ಸಿ. ಮೊದಲ ವರ್ಷದ ಪ್ರಾಕ್ಟಿಕಲ್‌ನಲ್ಲಿ ಕಂಡಂಥದ್ದೇ! ಕ್ಯಾನಿನ ನೀರನ್ನೇ ನಾಲಿಗೆಗೆ ಒಂದು ಹನಿ ತಾಗಿಸಿದೆ. (ಲ್ಯಾಬಿನಲ್ಲಿ ಏನನ್ನೂ ನೆಕ್ಕಬಾರದು ಎಂಬುದೂ ನನ್ನದೇ ಬೋರ್ಡು.) ಉಪ್ಪು!

*ಹಾಲಿಗೆ ಮಜ್ಜಿಗೆ ಹೆಪ್ಪು,*
*ಸ್ಲರಿಗೆ ಹರಳು ಉಪ್ಪು.*

ಉಪ್ಪು ನೀರಿನಲ್ಲಿ ಕರಗಿದರೆ ಕಣಗಳು ಚಾಚಿದ ಮೊಣಕೈ ಮಡಚಿಕೊಳ್ಳುತ್ತವೆ, ಎಲ್ಲರೂ ಎಲ್ಲರ ಮೈಮೇಲೆ. ಹರಳುಪ್ಪಿನಲ್ಲಿ ಬೇರೆ ಲವಣಗಳೂ ಇರುತ್ತವೆ, ಅವು ಇನ್ನೂ ಹೊಲಸು. ಇಷ್ಟು ಗೊತ್ತಿದ್ದವಳು ಯಂತ್ರದ ಬಾಯಲ್ಲಿ ನೀರು ಪರೀಕ್ಷಿಸಿದೆ, ಕ್ಯಾನಿನಲ್ಲಿ ಒಮ್ಮೆಯೂ ಪರೀಕ್ಷಿಸಲಿಲ್ಲ.

ಯಾರು ಎಂಬುದು ಇನ್ನು ಕೇಳಬೇಕಾದ ಪ್ರಶ್ನೆಯಲ್ಲ. ಯಾಕೆ ಎಂಬುದನ್ನು ನೋಡಬೇಕು. ಐದಕ್ಕೆ ಹೊರಟಂತೆ ಮಾಡಿ ಪುಡಿಯ ಚೀಲಗಳ ಹಿಂದೆ ಕೂತೆ. ನಲವತ್ತೈದನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಾಲೆ.

ಏಳು ಜನ ಸಾಲಾಗಿ ಬಂದರು, ಮುಂದೆ ಪಾರವ್ವ. ಪ್ರತಿಯೊಬ್ಬಳ ಮುಷ್ಟಿಯೂ ಬಿಗಿದಿತ್ತು. ಗೂಟದಲ್ಲಿದ್ದ ನನ್ನ ಬಿಳಿ ಕೋಟಿಗೆ ಒಬ್ಬೊಬ್ಬಳೇ ಮೂರು ಸುತ್ತು ನಿವಾಳಿಸಿದಳು.

"ನಾಯಿ ಕಣ್ಣು, ನರಿ ಕಣ್ಣು, ಸೇಠನ ಕಣ್ಣು, ಪುಣೇದವರ ಕಣ್ಣು, ಹೋದವರ ಕಣ್ಣು, ಬಂದವರ ಕಣ್ಣು, ನಮ್ಮ ಮ್ಯಾಡಮ್ಮಗ ತಟ್ಟಿದ್ದೆಲ್ಲಾ ಕರಗಿ ಹೋಗ್ಲಿ."

ಆಮೇಲೆ ಮುಷ್ಟಿ ಬಿಚ್ಚಿ ಕೆಳಗಿನ ನೀಲಿ ಕ್ಯಾನಿಗೆ ಹಾಕಿದರು. ಏಳು ಮುಷ್ಟಿ.

ನಾನು ಚೀಲದ ಹಿಂದಿನಿಂದ ಏಳಲಿಲ್ಲ. ಕಾಲು ಜೋಮು ಹಿಡಿದಿತ್ತು. ಕಣ್ಣಿಗೆ ಪುಡಿ ಬಿದ್ದಿತ್ತು. ಅವರು ಹೋದ ಮೇಲೆ ಶಂಭುವಿಗೆ ಮಿಲ್ಲು ಹಾಕಬೇಡವೆಂದು ಹೇಳಿ ಕ್ಯಾನು ಚೆಲ್ಲಿಸಿದೆ.

ಮಾರ್ಚ್ 7, ಶನಿವಾರ

ಎಲ್ಲರನ್ನೂ ಲ್ಯಾಬಿಗೆ ಕರೆದೆ. ಬೋರ್ಡು ನೋಡಿ ಹೊರಗೇ ನಿಂತರು. ಕಿತ್ತು ಒಳಗೆಸೆದೆ, ಹೇಗೂ ಮೊಳೆ ಸಡಿಲವಾಗಿತ್ತು.

ಬೀಕರಿನಲ್ಲಿ ಹಿಂದೆ ತೆಗೆದಿಟ್ಟ ಒಳ್ಳೆಯ ಸ್ಲರಿ. ಓರೆ ಮಾಡಿ ತೋರಿಸಿದೆ, ಹಾಲಿನಂತೆ ಹರಿಯಿತು. ಒಂದು ಚಿಟಿಕೆ ಹರಳುಪ್ಪು ಹಾಕಿ ಕದಡಿದೆ. ಆಮೇಲೆ ಬೀಕರನ್ನು ಪಾರವ್ವನ ತಲೆಯ ಮೇಲೆ ತಲೆಕೆಳಗಾಗಿ ಹಿಡಿದೆ. ಒಂದು ತೊಟ್ಟೂ ಬೀಳಲಿಲ್ಲ.

ಪಾರವ್ವನಿಗೆ ಅರ್ಥವಾಗಲು ಒಂದು ಕ್ಷಣ ಸಾಕಾಯಿತು. ಸೆರಗು ಬಾಯಿಗೆ ಒತ್ತಿಕೊಂಡು ಸ್ಟೂಲಿನ ಮೇಲೆ ಕುಸಿದಳು.

"ನಮ್ಮ ಹೊಟ್ಟಿ ಮ್ಯಾಲ ನಾವ ಕಲ್ಲ ಹಾಕ್ಕೊಂಡಂಗಾತಲ್ರಿ."

"ನೀರಿಗೇ ಯಾಕೆ ಹಾಕಿದೆ, ಪಾರವ್ವ?"

"ದೃಷ್ಟಿ ಉಪ್ಪ ಒಲಿಗೆ ಹಾಕ್ಬೇಕು, ಇಲ್ಲಾ ನೀರಿಗೆ ಹಾಕ್ಬೇಕ್ರಿ. ಭಟ್ಟಿ ಹತ್ರ ನಮ್ಮನ್ನ ಬಿಡಂಗಿಲ್ಲ. ಗಟಾರಕ್ಕ ಹಾಕಾಕ ಮನಸ್ಸ ಬರ್ಲಿಲ್ಲ, ನಿಮ್ಮ ದೃಷ್ಟಿ ಅದು. ಇಲ್ಲಿ ಎಲ್ಲಾಕಿಂತ ಚಲೋ ನೀರಂದ್ರ ನೀವ ತುಂಬಿಟ್ಟದ್ದು. ಅದಕ್ಕ ಹಾಕಿದ್ವಿ."

"ನನಗೆ ಯಾಕೆ ದೃಷ್ಟಿ? ಕೊಳವೆಗೆ ತೆಗೆಯಬೇಕಿತ್ತು."

"ಕೊಳವಿಗೆ ಯಾರ ಕಣ್ಣ ಬಿಡ್ತಾರ್ರಿ? ವಾಶಿ ಕುರ್ಚಿ ಕೈಯಾಗ ಇಟ್ಕೊಂಡು ನಮ್ಮ ಸಲುವಾಗಿ ಹಗಲು ರಾತ್ರಿ ಹಿಟ್ಟ ಕಲಿಸೋ ಹುಚ್ಚಿಗಿ ಅಲ್ಲೇನ್ರಿ ಕಣ್ಣ ಬೀಳೋದು?"

ಅವರ ಸಲುವಾಗಿ ಅಂತ ಯಾರು ಹೇಳಿದರು? ಸ್ಲರಿಯ ಕುತೂಹಲ, ಅಷ್ಟೆ. ಅದನ್ನೇ ಹೇಳಹೊರಟೆ, ನಗು ಬಂತು. ನಾನು ನಕ್ಕದ್ದಕ್ಕೆ ಪೂನಂ ನಕ್ಕಳು, ಆಮೇಲೆ ಎಲ್ಲರೂ, ಕೊನೆಗೆ ಅಳುತ್ತಲೇ ಪಾರವ್ವ.

"ಒಂದೊಂದ ದಿನ ಹಿಟ್ಟ ಕೆಟ್ಟಾಗ, ದೃಷ್ಟಿ ಭಾಳ ಜ್ವಾರ ಐತಿ ಅಂತ ಮತ್ತೊಂದ ಮುಷ್ಟಿ ಜಾಸ್ತಿ ಹಾಕ್ತಿದ್ವಿರಿ!"

ಮಾರ್ಚ್ 9, ಸೋಮವಾರ

ಸೇಠಜಿ ಕಾರಣ ಬರೆದುಕೊಡಿ ಎಂದರು. ಯಾರ ಹೆಸರು ಬರೆದರೂ ಅವರು ಇವತ್ತೇ ಹೋಗಬೇಕಿತ್ತು. ಇರುವುದನ್ನೇ ಬರೆದೆ: 'ಕ್ಯಾನಿನ ನೀರಿಗೆ ಉಪ್ಪು ಸೇರಿದೆ. ನೀರಿನ ಜವಾಬ್ದಾರಿ ನನ್ನದು. ಕ್ಯಾನಿನಲ್ಲಿ ಪರೀಕ್ಷಿಸದೆ ಬಿಟ್ಟದ್ದು ನಾನು.' ಸುಳ್ಳು ಒಂದಕ್ಷರವೂ ಇಲ್ಲ.

ಸೇಠಜಿ ಓದಿ, ಕನ್ನಡಕ ತೆಗೆದು, "ಜಿಸ್ ಸೇ ಪಾನೀ ನಹೀ ಸಂಭಲ್ತಾ, ವೋ ಆಫೀಸ್ ಕ್ಯಾ ಸಂಭಾಲೇಗೀ?" ಅಂದರು. ನೀರು ಸಂಭಾಳಿಸಲಾರದವಳು ಆಫೀಸೇನು ಸಂಭಾಳಿಸುತ್ತಾಳೆ ಅಂತ. ವಾಶಿಗೆ ಬೇರೆಯವರನ್ನು ನೋಡುತ್ತಾರಂತೆ. ಸೆಕ್ಷನ್ ಮುಚ್ಚಿದರೆ ಏಳರ ಜೊತೆ ನಾನು ಎಂಟನೆಯವಳು.

ಪರವಾಗಿಲ್ಲ. ಏಸಿ ನನಗೆ ಆಗಿಬರುವುದಿಲ್ಲ. ಕಾರ್ಕಳದಲ್ಲಿ ಫ್ಯಾನ್ ಹಾಕಿದರೂ ಶೀತವಾಗುತ್ತಿತ್ತು.

ಹುಯ್ಯಲು ಹನ್ನೊಂದೇ ದಿನ ಉಳಿದಿದೆ. ಇಪ್ಪತ್ತರೊಳಗೆ ಹುಯ್ದು ಒಣಗಿಸಿದರೆ ಮಾತ್ರ ಭಟ್ಟಿಗೆ ಸಮಯ. ಮಿಲ್ಲನ್ನು ನಾಲ್ಕು ಸಲ ತೊಳೆಸಿದೆ.

ಮಾರ್ಚ್ 14, ಶನಿವಾರ

ಇಪ್ಪತ್ತನಾಲ್ಕು! ಐದು ದಿನದಿಂದ ಇಪ್ಪತ್ತನಾಲ್ಕು! ಇಪ್ಪತ್ತೆಂಟು ಕೊಳವೆ ಒಣಗುತ್ತಿವೆ. ಗೋಡೆಯ ದಪ್ಪ ಅಳೆಯುವ ಉಪಕರಣ ಒಂದೇ ಇರುವುದು, ಏಳು ಜನ ಕಿತ್ತಾಡುತ್ತಿದ್ದರು. ನನ್ನ ವಿಸಿಟಿಂಗ್ ಕಾರ್ಡು ಅಳೆದು ನೋಡಿದೆ. ಕಾಲು ಮಿಲಿಮೀಟರು! ಹನ್ನೆರಡು ಜೋಡಿಸಿದರೆ ಸರಿಯಾಗಿ ಮೂರು. ಹನ್ನೆರಡರ ಏಳು ಕಟ್ಟು ಮಾಡಿ ಒಬ್ಬೊಬ್ಬಳಿಗೆ ಕೊಟ್ಟೆ.

*ಮ್ಯಾನೇಜರಮ್ಮ ಒಬ್ಬಳಾದರೆ ಬರೀ ಕಾಗದ,*
*ಹನ್ನೆರಡು ಜನ ಸೇರಿದರೆ ಕೆಲಸಕ್ಕೆ ಬಾರದ್ದಿರದ.*

ಎರಡನೆಯ ಸಾಲು ಕುಂಟುತ್ತದೆ. ಇರಲಿ, ಗೋಡೆ ನೆಟ್ಟಗಿದೆ.

ಬೆಳಿಗ್ಗೆ ಸ್ಲೋ ಟ್ರೇನಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಪಕ್ಕಕ್ಕೆ ಚೀಲ ಇಟ್ಟುಕೊಂಡು ಮುಂಬ್ರಾದವರೆಗೆ ಮೂರು ಜನರ ಬೈಗುಳ ತಿಂದೆ. ಪಾರವ್ವ ಹತ್ತಿ ಕೂತು, "ಯಾಕ ತಂಗಿ, ನಿನ್ನ ಮೊಣಕೈ ಎಲ್ಲಿ ಹೋತು?" ಅಂದಳು. ಯಾವಾಗಿನಿಂದ ತಂಗಿಯಾದೆನೋ ಗಮನಿಸಲಿಲ್ಲ.

ಮಾರ್ಚ್ 20, ಶುಕ್ರವಾರ

ಐವತ್ತೆರಡು ಕೊಳವೆ ಭಟ್ಟಿಗೆ ಹೋದವು. ಸಾವಿರದ ಆರುನೂರು ಡಿಗ್ರಿ. ಇನ್ನು ಮದ್ದುಗಳೆಲ್ಲ ಸುಟ್ಟುಹೋಗುತ್ತವೆ. ಗೋಂದು, ಜೇನು, ನೊರೆಯ ವಾಸನೆ, ಎಲ್ಲ ಹೊಗೆಯಾಗಿ ಹೋಗಿ ಅವು ಕಟ್ಟಿಕೊಟ್ಟ ಆಕಾರ ಮಾತ್ರ ಉಳಿಯಬೇಕು.

ಪಾರವ್ವ ಕೈಕಟ್ಟಿ ನಿಂತಿದ್ದಳು. "ದೃಷ್ಟಿ ತೆಗೆಯುವುದಿಲ್ಲವೇ?" ಎಂದು ಕೇಳಿದೆ.

"ನನ್ನ ಕೈ ಉಪ್ಪ ಮುಟ್ಟಂಗಿಲ್ಲ ಇನ್ನ. ಮನ್ಯಾಗ ಪಲ್ಯಕ್ಕೂ ಸೊಸಿನ ಹಾಕ್ತಾಳ."

ಅದು ನನಗೆ ಸರಿ ಕಾಣಲಿಲ್ಲ. ಪಲ್ಯದ ವಿಷಯ.

ಮಾರ್ಚ್ 26, ಗುರುವಾರ

ಭಟ್ಟಿ ತೆರೆದಾಗ ಕಣ್ಣಿಗೇ ಕಾಣುವಂತೆ ಒಂಬತ್ತು ಸೀಳಿದ್ದವು. ಉಳಿದದ್ದು ನಲವತ್ತಮೂರು. ಬೇಕಾದದ್ದು ನಲವತ್ತು.

ಇನ್‌ಸ್ಪೆಕ್ಟರ್ ಎಳೆಯ ಪ್ರಾಯದವನು, ಮಾತಿಲ್ಲ, ಕೆಂಪು ಬಣ್ಣದ ಸೀಸೆ. ಒಂದೊಂದಕ್ಕೂ ಬಣ್ಣ ಹಚ್ಚಿ ಒರೆಸುತ್ತಾನೆ. ಬಿರುಕಿದ್ದರೆ ಅದರಲ್ಲಿ ಕೆಂಪು ಗೆರೆ ಉಳಿಯುತ್ತದೆ. ನಾಲ್ಕನೆಯದರಲ್ಲಿ ಗೆರೆ ಬಂತು. ಹದಿನೇಳರಲ್ಲಿ ಬಂತು. ಮೂವತ್ತರಲ್ಲಿ ಮೂರನೆಯದು. ಇನ್ನು ಒಂದು ಹೋದರೂ ಮುಗಿಯಿತು. ಉಳಿದ ಹದಿಮೂರನ್ನು ಅವನು ಒರೆಸುವಷ್ಟು ಹೊತ್ತು ಎಂಟು ಹೆಂಗಸರೂ ಉಸಿರು ಬಿಡಲಿಲ್ಲ. ಬಾಗಿಲಲ್ಲಿ ಧರ್ಮಪಾಲರು ಚಹಾದ ಟ್ರೇ ಹಿಡಿದು ಒಂಬತ್ತನೆಯವರಾಗಿ ನಿಂತಿದ್ದರು.

ಕೊನೆಯದನ್ನು ಒರೆಸುವ ಮುನ್ನ ಪಾರವ್ವ ಅದನ್ನು ಕೊಡೆಂದು ಕೇಳಿಬಿಟ್ಟಳು, ಕೈಯಲ್ಲಿ ತೆಗೆದುಕೊಂಡೇಬಿಟ್ಟಳು, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗಿಟ್ಟಳು. ಗಂಟೆಯಂಥ ನಾದ. "ಒರಸ್ರಿ ಸಾಯೇಬ್ರ, ಏನೂ ಇಲ್ಲ ಇದರಾಗ," ಅಂದಳು. ಒರೆಸಿದ. ಏನೂ ಇರಲಿಲ್ಲ.

ನಲವತ್ತು!

ಮುಂದೆ ಏನೇನಾಯಿತೋ ಸರಿಯಾಗಿ ನೆನಪಿಲ್ಲ. ಶಂಭು ಮಿಲ್ಲಿನ ಮೇಲೆ ತಮಟೆ ಬಾರಿಸಿದ. ಸೇಠಜಿ ಜರ್ಮನಿಯ ವಿಷಯ ಮತ್ತೆ ಎತ್ತಿದರು, ವಾಶಿಯ ವಿಷಯವನ್ನೂ ಎತ್ತಿದರು. ಗದ್ದಲದಲ್ಲಿ ನನಗೆ ಕೇಳಿಸಲಿಲ್ಲವೆಂದು ಕಿವಿ ತೋರಿಸಿದೆ.

ಸಂಜೆ ಸ್ಲೋ ಟ್ರೇನು, ಎಂಟೂ ಜನ ಒಟ್ಟಿಗೆ. ನಾಳೆ ಪಾರವ್ವನ ಯುಗಾದಿ, ಮುಂಬ್ರಾದಲ್ಲಿ ಹೋಳಿಗೆ. ನನ್ನದು ಏಪ್ರಿಲ್‌ನಲ್ಲಿ, ತುಳುನಾಡಿನ ಬಿಸು. ಎರಡೆರಡು ಹೊಸ ವರ್ಷ ಬಂದರೆ ಯಾರಿಗೇನು ನಷ್ಟ?

ಠಾಣೆ ಬಿಟ್ಟು ಟ್ರೇನು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಸೇತುವೆ ಹತ್ತುವ ಮೊದಲು ನಾನು ಎದ್ದು ನಿಂತೆ. ಮುಷ್ಟಿ ಬಿಗಿದು ಪಾರವ್ವನಿಗೆ ಮೂರು ಸುತ್ತು ನಿವಾಳಿಸಿದೆ. ಮಂತ್ರ ಅರ್ಧ ಮರೆತಿತ್ತು. "ನಾಯಿ ಕಣ್ಣು, ನರಿ ಕಣ್ಣು, ಇನ್‌ಸ್ಪೆಕ್ಟರನ ಕಣ್ಣು..."

"ಏ ಹುಚ್ಚಿ, ಮಂದಿ ನೋಡ್ಲಿಕ್ಕತ್ತಾರ!"

"ನೋಡಿದವರ ಕಣ್ಣು," ಎಂದು ಅದನ್ನೂ ಸೇರಿಸಿದೆ. ಲೇಡಿಸ್ ಡಬ್ಬಿಯಲ್ಲಿ ನಗು ಹಬ್ಬಿತು. ಎದುರು ಸೀಟಿನ ಮರಾಠಿ ಅಜ್ಜಿ, "ಹಿಲಾ ಪಣ, ಬಾಯಿ," ಇವಳಿಗೂ ಎಂದು ಮೊಮ್ಮಗಳನ್ನು ಮುಂದೆ ತಳ್ಳಿದಳು. ಅವಳಿಗೂ ತೆಗೆದೆ. ಪೂನಂಗೆ, ಉಳಿದ ಐವರಿಗೆ, ಮೀನಿನ ಬುಟ್ಟಿಯವಳಿಗೆ. ಸೇತುವೆಯ ನಡುವೆ ಕೈ ಹೊರಚಾಚಿ ಮುಷ್ಟಿ ಬಿಚ್ಚಿದೆ. ಉಪ್ಪುನೀರಿಗೆ ಉಪ್ಪು, ಅಲ್ಲಿ ಯಾರ ಸ್ಲರಿಯೂ ಕೆಡುವುದಿಲ್ಲ.

"ಉಪ್ಪ ಎಲ್ಲಿಂದ ತಂದಿ?" ಪಾರವ್ವ ಕೇಳಿದಳು.

"ಧರ್ಮಪಾಲರ ಬರಣಿಯಿಂದ. ಇಲಿ ನಾನೇ ಅಂತ ಹೇಳಿ ತಂದೆ."

ಲ್ಯಾಬಿನ ತಕ್ಕಡಿಯಲ್ಲಿ ತೂಗಿಯೇ ತಂದಿದ್ದೆ. ಏಳು ಜನಕ್ಕೂ ಸೇರಿ, ಸರಿಯಾಗಿ ನಲವತ್ತು ಗ್ರಾಂ.